ಕಾಲಿಗೆ ರಕ್ತ ಹೋಗವಲ್ದು ಅಂತಾರ, ಕಾಲ ತಗಿಯೋದೊಂದ ದಾರಿ ಏನ್ರಿ? ಹೊಸಾ ಟ್ರೀಟ್‌ಮೆಂಟ್ ಬಗ್ಗೆ ಗೊತ್ತಿದ್ದವ್ರು ಹೇಳ್ರಿ

ಕೃಷ್ಣಾದಂಡಿ (ಜಮಖಂಡಿ):
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಪ್ಪಾರ ಸಲುವಾಗಿ ಕೇಳಾಕತ್ತೀನಿ. ವಯಸ್ಸು 66, ಶುಗರ್ ಬಂದು ಭಾಳ ವರ್ಷ ಆತು, ಬೀಡಿ ಚಟಾನೂ ಐತಿ. ಮೊದಲ ಹೊಲದ ಬದುವಿನ ಮ್ಯಾಲ ಅರ್ಧ ದಾರಿ ನಡದ್ರ ಮೀನಖಂಡ ಹಿಡಕೊಂತಿತ್ತಂತ, ನಿಂತ್ರ ಬಿಡತಿತ್ತಂತ, ಯಾರ ಮುಂದೂ ಹೇಳಿದ್ದಿಲ್ಲ. ಈಗ ಎಡಗಾಲ ಹೆಬ್ಬಟ್ಟಿನ ಬಾಜೂಕ ಚಪ್ಪಲಿ ಕಚ್ಚಿ ಆದ ಗಾಯ ಆರವಲ್ದು, ಬಟ್ಟಿನ ತುದಿ ಕಪ್ಪಾಗೇತಿ. ರಾತ್ರಿ ಮಲಗಿದ್ರ ನೋವು ತಡಿಯಾಕ ಆಗೂದಿಲ್ಲ, ಕಾಲ ಕಾಟಿನಿಂದ ಕೆಳಗ ಇಳೇಬಿಟ್ಟು ಕುಂತ್ರ ಒಂಚೂರು ಆರಾಮ, ಹಂಗ ಕುಂತಲ್ಲೇ ಗ್ವಾಡಿಗೆ ತಲಿ ಕೊಟ್ಟು ನಿದ್ದಿ ಮಾಡ್ತಾರ.

ಒಂದು ದವಾಖಾನ್ಯಾಗ ಪಾದ ಕೈಲೆ ಮುಟ್ಟಿ ನೋಡಿ ರಕ್ತ ಹೋಗವಲ್ದು, ಮೊಣಕಾಲ ಕೆಳಗ ತಗಿಬೇಕು, ತಡಾ ಮಾಡಬ್ಯಾಡ್ರಿ ಅಂದ್ರು. ರಕ್ತನಾಳದ ಫೋಟೋ ತಗಿಯೋ ಆಂಜಿಯೋ ಗೀಂಜಿಯೋ ಏನೂ ಮಾಡಿಲ್ಲ. ಪುಣೆದಾಗ ಇರೋ ನಮ್ಮ ಕಾಕಾನ ಮಗ ದಿನಾ ವಿಡಿಯೋ ಕಳಸ್ತಾನ, ಸ್ಟೆಮ್ ಸೆಲ್ ಇಂಜೆಕ್ಷನ್ ಅಂತಾನ, ಕರಗಿ ಹೋಗೋ ಸ್ಟೆಂಟ್ ಅಂತಾನ, ಕ್ಯಾಲ್ಸಿಯಂ ಒಡಿಯೋ ಶಾಕ್ ಅಂತಾನ, ಜಪಾನದಾಗ ಜೀನ್ ಇಂಜೆಕ್ಷನ್ ಐತಿ ಅಂತಾನ. ಇದರಾಗ ಖರೇ ಯಾವುದು, ನಮ್ಮ ಕಡೆ ಸಿಗೋದು ಯಾವುದು, ಬೆಂಗಳೂರಿಗೇ ಹೋಗಬೇಕೇನು? ಅವ್ವ ಅಳಾಕತ್ತಾಳ, ಅಪ್ಪಾರು ಕಾಲ ತಗದ್ರ ನಾ ಇರೂದಿಲ್ಲ ಅಂತ ಕುಂತಾರ. ಯಾರಿಗರ ಅನುಭವ ಇದ್ರ ದಯವಿಟ್ಟು ಹೇಳ್ರಿ.

ಹಿಡಕಲ್_ರೈತ:
ಮೊದಲ ಬೀಡಿ ಬಿಡಿಸ್ರಿ ತಮ್ಮಾ. ಮುಂದಿನ ಮಾತು ಆಮ್ಯಾಲ.

ಬೆಳಗಾವಿ_ಸಿಸ್ಟರ್:
ತಮ್ಮಾ, ರಾತ್ರಿ ಕಾಲ ಇಳೇಬಿಟ್ರ ಆರಾಮ ಅನ್ಸೋದು, ಬಟ್ಟು ಕಪ್ಪಾಗೋದು, ಇವೆರಡೂ ಕೂಡಿ ಇದ್ರ ಅದು ತಡಾ ಮಾಡೋ ವಿಷಯ ಅಲ್ಲ. ಹಂಗಂತ ಟೆಸ್ಟ್ ಮಾಡದ ಕಾಲ ತಗಸೋ ವಿಷಯನೂ ಅಲ್ಲ. ರಕ್ತ ಹೆಂಗ ಓಡತೈತಿ ಅಂತ ನೋಡೋ ಕಾಲಿನ ಡಾಪ್ಲರ್ ಆಗೇತೇನು? ಎಬಿಐ ನೋಡ್ಯಾರೇನು? ಆ ನಂಬರ್ ಇಲ್ಲದ ಇಲ್ಲೆ ಯಾರೂ ನಿಮಗ ಏನೂ ಹೇಳಾಕ ಬರೂದಿಲ್ಲ.

ಎಬಿಐ ಅಂದ್ರ ಭಾಳ ಸರಳ ಟೆಸ್ಟ್. ಪೇಶಂಟ್ ಅಂಗಾತ ಮಲಗಿಸಿ ಮೊದಲ ತೋಳಿಗೆ ಬಿಪಿ ಪಟ್ಟಿ ಕಟ್ಟತೀವಿ, ಆಮ್ಯಾಲ ಅದ ಪಟ್ಟಿ ಹಿಮ್ಮಡದ ಮ್ಯಾಲ ಕಟ್ಟಿ, ಪಾದದ ಮ್ಯಾಲ ಜೆಲ್ ಹಚ್ಚಿ, ಪೆನ್ನಿನಷ್ಟ ಇರೋ ಡಾಪ್ಲರ್ ಇಟ್ಟು ಸಪ್ಪಳ ಕೇಳತೀವಿ. ಪಟ್ಟಿ ಬಿಗಿ ಮಾಡಿದ್ರ ಸಪ್ಪಳ ಬಂದ್ ಆಗತೈತಿ, ಗಾಳಿ ಬಿಟ್ಟಂಗ ಯಾವ ನಂಬರಿಗೆ ತಿರಗಿ ಬಂತು ಅಂತ ಬರಕೊಂತೀವಿ. ತೋಳಿಂದು 140, ಕಾಲಿಂದು 70 ಬಂದ್ರ ಎಬಿಐ 0.5. 0.9ಕ್ಕಿಂತ ಕಮ್ಮಿ ಬಂದ್ರ ಅಡ್ಡಿ ಐತಿ ಅಂತ, 0.4ರ ಕೆಳಗ ಬಂದ್ರ ಭಾಳ ಗಂಭೀರ. ಆದ್ರ ಶುಗರ್ ಹಳೇದಿದ್ದವ್ರ ರಕ್ತನಾಳ ಸುಣ್ಣಗಟ್ಟಿ ಗಟ್ಟಿ ಆಗಿರ್ತಾವ, ಪಟ್ಟಿ ಒತ್ತಿದ್ರ ಮಣಿಯೂದಿಲ್ಲ, ನಂಬರ್ ಸುಳ್ಳ ಜಾಸ್ತಿ ತೋರಸತೈತಿ. 1.4 ದಾಟಿದ್ರ ನಂಬಬ್ಯಾಡ್ರಿ, ಬಟ್ಟಿಗೇ ಸಣ್ಣ ಪಟ್ಟಿ ಹಾಕಿ ಟೋ ಪ್ರೆಶರ್ ನೋಡಸ್ರಿ.

ಮಲಪ್ರಭಾ:
ನಮ್ಮ ಅತ್ತಿಗೂ ಹಿಂಗ ಕಾಲ ತಣ್ಣಗ ಆಗತಿದ್ವು. ಎಳ್ಳೆಣ್ಣಿ ಕಾಸಿ ತಿಕ್ಕಿ, ಬಿಸಿನೀರಿನ ಬಕೇಟ್‌ನ್ಯಾಗ ಉಪ್ಪ ಹಾಕಿ ಕಾಲ ಇಡಸ್ರಿ, ರಕ್ತ ಓಡಾಡತೈತಿ. ಖರ್ಚೂ ಇಲ್ಲ.

ಬೆಳಗಾವಿ_ಸಿಸ್ಟರ್:
ಅಕ್ಕಾರ, ಕೈ ಮುಗೀತೀನಿ, ಈ ಪೇಶಂಟಿಗೆ ಅದನ್ನ ಹೇಳಬ್ಯಾಡ್ರಿ. ಶುಗರ್ ಇದ್ದವ್ರಿಗೆ ಅಂಗಾಲಾಗ ಸ್ಪರ್ಶ ಗೊತ್ತಾಗೂದಿಲ್ಲ, ನೀರು ಎಷ್ಟು ಬಿಸಿ ಐತಿ ಅಂತ ತಿಳಿಯೂದಿಲ್ಲ. ರಕ್ತ ಇಲ್ಲದ ಪಾದ ಬಿಸಿ ತಡಕೊಳ್ಳೂದಿಲ್ಲ. ಬಿಸಿನೀರಿನ ಚೀಲ ಇಟ್ಟು ಹಿಮ್ಮಡ ಪೂರಾ ಬೊಬ್ಬಿ ಎದ್ದು ಬಂದವ್ರನ್ನ ವಾರ್ಡಿನ್ಯಾಗ ನೋಡೀನಿ. ಥಂಡಿ ಅನಿಸಿದ್ರ ಸಡ್ಲ ಹತ್ತಿ ಸಾಕ್ಸ್ ಹಾಕ್ರಿ, ಅಷ್ಟ. ಗಾಯ ಇದ್ದ ಕಾಲ ತಿಕ್ಕಲೂ ಬಾರದು.

ವಾಯವ್ಯ_ಕಂಡಕ್ಟರ್:
ನಂದೂ ಕಾಲ ರಕ್ತಸಂಚಾರದ್ದ ತ್ರಾಸ ರೀ. ದಿನಾ ಬಸ್ಸಿನ್ಯಾಗ ನಿಂತು ನಿಂತು ಮೀನಖಂಡದ ಮ್ಯಾಲ ನೀಲಿ ನರ ಉಬ್ಬಿ ಗಂಟ ಆಗ್ಯಾವ, ಸಂಜಿಗೆ ಕಾಲ ಬಾತಿರ್ತಾವ. ಡಾಕ್ಟ್ರು ಟೈಟ್ ಸ್ಟಾಕಿಂಗ್ ಕೊಟ್ರು, ಭಾಳ ಆರಾಮ ಐತಿ. ನಿಮ್ಮ ಅಪ್ಪಾರಿಗೂ ಒಂದ ಜೋಡಿ ತರಸ್ರಿ.

ಸರ್ಜರಿ_ಓದಾಂವ (ವಿಜಯಪುರ):
ಕಂಡಕ್ಟರ್ ಸರ, ನಿಮ್ದು ವೆರಿಕೋಸ್ ವೇನ್, ಅದು ಬ್ಯಾರೆ. ನಿಮ್ಮ ಕಾಲಾಗ ರಕ್ತ ಕೆಳಗ ಬರ್ತದ, ಮ್ಯಾಲ ಹೋಗೋ ವಾಲ್ವ್ ಕೆಟ್ಟಾವ. ಇವರ ತಂದೀದು ರಕ್ತ ಕೆಳಗ ಬರೋ ಧಮನಿನ ಮುಚ್ಚಿದ್ದು. ನಿಮಗ ಕಾಲ ಮ್ಯಾಲ ಎತ್ತಿ ಇಟ್ರ ಆರಾಮ, ಅವರಿಗೆ ಕೆಳಗ ಬಿಟ್ರ ಆರಾಮ. ನಿಮಗ ಔಷಧ ಆಗಿದ್ದ ಟೈಟ್ ಸ್ಟಾಕಿಂಗ್ ಅವರಿಗೆ ಹಾಕಿದ್ರ ಇದ್ದ ಒಂದೀಟು ರಕ್ತಾನೂ ನಿಂತು ಚರ್ಮ ಸಾಯ್ತದ. ಧಮನಿ ಟೆಸ್ಟ್ ಆಗದ ಯಾರೂ ಯಾರಿಗೂ ಸ್ಟಾಕಿಂಗ್ ಹೇಳಬಾರದು.

ವಾಯವ್ಯ_ಕಂಡಕ್ಟರ್:
ಇದು ಗೊತ್ತಿರಲಿಲ್ಲ ಬಿಡ್ರಿ ಸಾಹೇಬ್ರ. ನಮ್ಮ ಡಿಪೋದಾಗ ಒಬ್ಬರಿಗೆ ಕೊಟ್ಟಿದ್ದನ್ನ ನಾಕು ಮಂದಿ ತಗೊಂಡು ಹಾಕ್ಕೊಂಡಾರ, ಇವತ್ತ ಹೇಳ್ತೀನಿ.

ನಿಪ್ಪಾಣಿ_ಹುಡುಗ:
ನಮ್ಮ ಅಣ್ಣನ ಕಥಿ ಹೇಳ್ತೀನಿ, ಸ್ವಲ್ಪ ಉದ್ದ ಆಗತೈತಿ. ಅವನಿಗೆ ಶುಗರ್ ಇಲ್ಲ, ಕೊಲೆಸ್ಟ್ರಾಲ್ ಇಲ್ಲ, ವಯಸ್ಸು ಇನ್ನೂ ನಲವತ್ತು ಆಗಿರಲಿಲ್ಲ. ಬೀಡಿ, ಮ್ಯಾಲ ಸುಣ್ಣ ತಂಬಾಕು. ಮೊದಲ ಪಾದದ ನಡುವ ನೋವು, ಆಮ್ಯಾಲ ಕಿರಿಬಟ್ಟಿನ ತುದಿಗೆ ಹುಣ್ಣು. ಮಿರಜಿಗೆ ಹೋದಾಗ ಇದು ಬರ್ಜರ್ ಕಾಯಿಲೆ ಅಂದ್ರು. ಲಿಯೋ ಬರ್ಜರ್ ಅನ್ನೋ ಡಾಕ್ಟ್ರು 1908ರಾಗ ಬರದಿದ್ದಂತ, ಹರೇದ ವಯಸ್ಸಿನ ತಂಬಾಕು ಮಂದಿಗೆ ಬರೋದು, ನಮ್ಮ ದೇಶದ ಕಡೆ ಜಾಸ್ತಿ. ಕೈ ಕಾಲಿನ ಸಣ್ಣ ರಕ್ತನಾಳ ಉರಿ ಎದ್ದು ಮುಚ್ಕೊಂತಾವ, ಹಿಂಗಾಗಿ ನಾಳದೊಳಗ ಹಿಗ್ಗಿಸಿ ದಾರಿ ಮಾಡೋ ಬಲೂನು, ದಾರಿ ತೆರದಿಡೋ ಸ್ಟೆಂಟು ಹಾಕಾಕ ಜಾಗಾನ ಸಿಗೂದು ಕಷ್ಟ.

ನಮ್ಮ ಊರಾಗ ತಂಬಾಕು ಅಂದ್ರ ಅನ್ನ. ಹೊಲ ಅದ, ವಖಾರಿ ಅದ, ಮನಿ ಹೆಣ್ಮಕ್ಕಳು ಬೀಡಿ ಸುತ್ತೋದ ಅದ. 1981ರಾಗ ತಂಬಾಕು ರೇಟಿನ ಸಲುವಾಗಿ ರೈತರು ರಸ್ತೆಕ್ಕ ಕುಂತಿದ್ದು ನಮ್ಮ ಹಿರಿಯರು ಇನ್ನೂ ಹೇಳ್ತಾರ. ಅಂಥಾ ಮನ್ಯಾಗ ಬೀಡಿ ಬಿಡು ಅಂತ ಹೇಳೋದು ಎಷ್ಟು ಕಷ್ಟ ಅಂತ ನಂಗ ಗೊತ್ತು. ಆದ್ರ ಡಾಕ್ಟ್ರು ಹೇಳಿದ್ದು ಸಾಫ್ ಇತ್ತು: ಒಂದು ಬೀಡಿನೂ ಇಲ್ಲ, ಗುಟ್ಕಾ ಇಲ್ಲ, ಸುಣ್ಣ ತಂಬಾಕೂ ಇಲ್ಲ, ಪೂರಾ ಬಿಟ್ರ ಕಾಲ ಉಳಿಯೋ ಛಾನ್ಸ್ ಭಾಳ ಐತಿ, ಬಿಡಲಿಲ್ಲಂದ್ರ ಯಾವ ಇಂಜೆಕ್ಷನ್ನೂ ಉಳಿಸೂದಿಲ್ಲ. ಅಣ್ಣ ಬಿಟ್ಟ. ಕಿರಿಬಟ್ಟು ಹೋತು, ಪಾದ ಉಳೀತು. ಇವತ್ತ ಚಪ್ಪಲಿ ಹಾಕ್ಕೊಂಡು ಅಂಗಡಿ ನಡಸ್ತಾನ.

ಹಿಡಕಲ್_ರೈತ:
ಬೀಡಿ ಬಿಡಿಸ್ರಿ ಅಂತ ನಾನೂ ಅಂದೆ ಖರೆ, ಆದ್ರ ಎಲ್ಲಾ ಅದರ ತಲಿಗೇ ಕಟ್ಟಬ್ಯಾಡ್ರಿ. ನಮ್ಮ ಅಜ್ಜ ಸಾಯೋತನಕ ಸೇದಿದ, ತೊಂಬತ್ತು ವರ್ಷ ಬದುಕಿದ, ಕಾಲ ಗಟ್ಟಿ ಇದ್ವು.

ನಿಪ್ಪಾಣಿ_ಹುಡುಗ:
ನಿಮ್ಮ ಅಜ್ಜಾರು ಪುಣ್ಯವಂತರು ಕಾಕಾ. ನಮ್ಮ ಅಣ್ಣನ ವಾರ್ಡಿನ್ಯಾಗ ಬಾಜೂ ಕಾಟಿನ ಮ್ಯಾಲ ಇದ್ದಾಂವಗ ಎರಡೂ ಕಾಲ ಇರಲಿಲ್ಲ, ಆದ್ರೂ ಸಂಡಾಸದಾಗ ಕುಂತು ಸೇದ್ತಿದ್ದ. ಅವನನ್ನ ನೋಡೇ ಅಣ್ಣ ಬಿಟ್ಟಿದ್ದು.

ಇಳಕಲ್_ಸೀರಿ:
ಸ್ಟೆಮ್ ಸೆಲ್ ಬಗ್ಗೆ ಯಾರರ ಹೇಳ್ರಿ. ನಮ್ಮ ಮಾಮಾಗೂ ಒಬ್ಬ ಏಜೆಂಟ್ ಫೋನ್ ಮಾಡಿದ್ದ, ಹೊಟ್ಟಿ ಕೊಬ್ಬಿನಿಂದ ಸೆಲ್ ತಗದು ಕಾಲಿಗೆ ಹಾಕ್ತೀವಿ, ಗ್ಯಾರಂಟಿ ಅಂದ. ಕೇಳಿದ ರೊಕ್ಕಕ್ಕ ಎರಡ ಎಕರೆ ಮಾರಬೇಕು.

ಸರ್ಜರಿ_ಓದಾಂವ (ವಿಜಯಪುರ):
ಗ್ಯಾರಂಟಿ ಅಂದ ಕೂಡಲೇ ಫೋನ್ ಇಡ್ರಿ. ಇದರಾಗ ಎರಡು ಬ್ಯಾರೆ ಬ್ಯಾರೆ ವಿಷಯ ಅದಾವ, ಒಂದಕ್ಕೊಂದು ಕಲಸಬ್ಯಾಡ್ರಿ.

ಮೊದಲನೇದು ಅನುಮತಿ ಇದ್ದದ್ದು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಅನ್ನೋ ಕಂಪನಿ ಆರೋಗ್ಯವಂತ ದಾನಿಗಳ ಮೂಳಿ ಮಜ್ಜೆಯಿಂದ ಸೆಲ್ ಬೆಳಸಿ ಸ್ಟೆಂಪ್ಯೂಸೆಲ್ ಅಂತ ಮಾಡ್ಯಾರ. ನಮ್ಮ ದೇಶದ ಡ್ರಗ್ ಕಂಟ್ರೋಲರ್ 2016ರಾಗ ಬರ್ಜರ್ ಕಾಯಿಲೆಯಿಂದ ಕಾಲ ಹೋಗೋ ಸ್ಥಿತಿಗೆ ಬಂದವರ ಸಲುವಾಗಿ ಸೀಮಿತ ಅನುಮತಿ ಕೊಟ್ರು, 2020ರಾಗ ಇದನ್ನ ಇನ್ನಷ್ಟು ಅಗಲ ಮಾಡಿದ್ರು. ಮೀನಖಂಡದ ಸ್ನಾಯುವಿನ್ಯಾಗ ಭಾಳ ಕಡೆ ಚುಚ್ಚಿ ಕೊಡ್ತಾರ. ನೋವು ಕಮ್ಮಿ ಆಗೋದು, ಹುಣ್ಣು ಆರೋದು ಅದರ ಉದ್ದೇಶ. ಮುಚ್ಚಿದ ದೊಡ್ಡ ಧಮನಿನ ಅದು ತಗಿಯೂದಿಲ್ಲ.

ಎರಡನೇದು ಏಜೆಂಟ್ ಮಾರೋದು. ಕೊಬ್ಬಿನಿಂದ ತಗದಿದ್ದು, ರಕ್ತದಿಂದ ತಗದಿದ್ದು, ಕ್ಲಿನಿಕ್ಕಿನ ಹಿಂದಿನ ರೂಮಿನ್ಯಾಗ ತಯಾರ ಮಾಡಿದ್ದು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚ್ಯಾಗ ಸಾಫ್ ಹೇಳ್ಯಾರ, ಅನುಮತಿ ಇಲ್ಲದ ಸ್ಟೆಮ್ ಸೆಲ್ಲನ್ನ ಟ್ರಯಲ್ ಹೊರಗ ಪೇಶಂಟಿಗೆ ರೊಕ್ಕ ತಗೊಂಡು ಕೊಡೋಹಂಗಿಲ್ಲ. ಖರೇ ಟ್ರಯಲ್ ಆದ್ರ ಪೇಶಂಟ್ ಕಡೆ ರೊಕ್ಕ ಕೇಳೂದೇ ಇಲ್ಲ. ಮತ್ತ ಎಲ್ಲಾ ಸೆಲ್ಲೂ ಕೆಲಸ ಮಾಡ್ತಾವಂತನೂ ಇಲ್ಲ. ನೆದರ್‌ಲ್ಯಾಂಡ್ಸ್‌ನ್ಯಾಗ ಜುವೆಂಟಾಸ್ ಅಂತ 160 ಮಂದಿ ಮ್ಯಾಲ ಮಾಡಿದ್ದು 2015ರಾಗ ಬಂತು, ಪೇಶಂಟಿನ ಮಜ್ಜೆಯದ್ದ ಸೆಲ್ ಕೊಟ್ರು, ಸುಮ್ಮನ ಪ್ಲಾಸಿಬೋ (ಔಷಧ ಇಲ್ಲದ ಹುಸಿ ಮದ್ದು) ಕೊಟ್ಟವರಿಗೂ ಇವರಿಗೂ ಕಾಲ ಉಳಿಯೋದ್ರಾಗ ಫರಕ ಕಾಣಲಿಲ್ಲ.

ಇಳಕಲ್_ಸೀರಿ:
ಉಪಕಾರ ಆತ್ರಿ. ಇದನ್ನ ಮಾಮಾಗ ಓದಿ ಹೇಳ್ತೀನಿ.

ಗುಮ್ಮಟನಗರಿ:
ಮತ್ತ ಜಪಾನದ ಜೀನ್ ಇಂಜೆಕ್ಷನ್?

ಸರ್ಜರಿ_ಓದಾಂವ (ವಿಜಯಪುರ):
ಆಂಜೆಸ್ ಕಂಪನೀದು ಕೊಲಾಟೆಜೆನ್. 2019ರಾಗ ಜಪಾನ ಸರ್ಕಾರ ಷರತ್ತಿನ ಮ್ಯಾಲ ಅನುಮತಿ ಕೊಟ್ಟಿತ್ತು, ಇನ್ನಷ್ಟು ಪೇಶಂಟಿನ್ಯಾಗ ತೋರಸ್ರಿ ಅಂತ. ತೋರಿಸೋದು ಆಗಲಿಲ್ಲ, 2024ರಾಗ ಕಂಪನಿನ ಅರ್ಜಿ ವಾಪಸ್ ತಗೊಂತು. ವಿಡಿಯೋ ಮಾತ್ರ ಇನ್ನೂ ತಿರಗಾಡ್ತಾವ.

ಮೆಡಿಕಲ್_ಅಂಗಡಿ (ಮುಧೋಳ):
ಗುಳಗಿ ಬಗ್ಗೆ ನಾ ಹೇಳ್ತೀನಿ, ದಿನಾ ಕೌಂಟರಿನ್ಯಾಗ ನೋಡೋದ ಇದು. ಸಿಲೋಸ್ಟಜಾಲ್ ಅಂತ ಬರತೈತಿ, 50 ಮತ್ತ 100. ನಡಿಯೋ ದೂರ ಜಾಸ್ತಿ ಆಗಾಕ ಕೊಡ್ತಾರ. ತಲಿನೋವು, ಎದಿ ಢವಢವ ಕಾಮನ್. ಹಾರ್ಟ್ ಫೇಲ್ಯೂರ್ ಇದ್ದವ್ರಿಗೆ ಕೊಡೋಹಂಗ ಇಲ್ಲ, ಹಿಂಗಾಗಿ ಬಾಜೂ ಮನಿ ಅಜ್ಜನ ಚೀಟಿ ತಂದು ಅದ ಗುಳಗಿ ಕೊಡ್ರಿ ಅಂದ್ರ ನಾ ಕೊಡೂದಿಲ್ಲ, ಎಷ್ಟ ಬೈದ್ರೂ ಕೊಡೂದಿಲ್ಲ. ಜನೌಷಧಿ ಕೇಂದ್ರದಾಗ ಕೇಳ್ರಿ, ಸ್ವಸ್ತ ಸಿಗತೈತಿ. ಪೆಂಟಾಕ್ಸಿಫಿಲಿನ್ ಹಳೇ ಡಾಕ್ಟ್ರು ಇನ್ನೂ ಬರೀತಾರ, ಅಮೆರಿಕದ ಮಾರ್ಗಸೂಚಿ ಅದರಿಂದ ನಡಿಗಿಗೆ ಉಪಯೋಗ ಇಲ್ಲ ಅಂತ ಹೇಳೇತಿ.

ಹೊಸಾದು ಅಂದ್ರ ರಕ್ತ ಹೆಪ್ಪುಗಟ್ಟದಂಗ ತಡಿಯೋ ರಿವಾರೊಕ್ಸಾಬಾನ್ 2.5 ಮಿಲಿಗ್ರಾಮ್, ದಿನಕ್ಕ ಎರಡ ಸಲ, ಜೋಡಿ ಆಸ್ಪಿರಿನ್. ಬಲೂನು, ಬೈಪಾಸ್ ಆದವ್ರಿಗೆ ಮತ್ತ ಮುಚ್ಚಬಾರದು ಅಂತ. ವಾಯೇಜರ್ ಅನ್ನೋ ದೊಡ್ಡ ಟ್ರಯಲ್ 2020ರಾಗ ಬಂತು, 6,500ಕ್ಕೂ ಹೆಚ್ಚು ಮಂದಿ. ಲಾಭ ಐತಿ, ರಕ್ತಸ್ರಾವದ ಭಯಾನೂ ಐತಿ, ಡಾಕ್ಟ್ರನ್ನ ಬಿಟ್ಟು ಮುಟ್ಟಬ್ಯಾಡ್ರಿ. ಕೊಲೆಸ್ಟ್ರಾಲ್ ನಾರ್ಮಲ್ ಐತಿ ಅಂತ ಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಗುಳಗಿ ಬಿಡೋ ಮಂದಿ ಭಾಳ. ಈ ಕಾಯಿಲೆಯವ್ರಿಗೆ ರಿಪೋರ್ಟ್ ನಾರ್ಮಲ್ ಇದ್ರೂ ಅದು ಬೇಕು.

ತಾಳಿಕೋಟಿ_ಮಾಸ್ತರ:
ಆ ತೂಕ ಇಳಸೋ ವಾರದ ಸೂಜಿ ಕಾಲಿಗೂ ಛಲೋ ಅಂತ ಓದಿದ್ದೆ, ಖರೇನ್ರಿ?

ಮೆಡಿಕಲ್_ಅಂಗಡಿ (ಮುಧೋಳ):
ಸೆಮಾಗ್ಲುಟೈಡ್. ಸ್ಟ್ರೈಡ್ ಅಂತ ಟ್ರಯಲ್, 2025ರಾಗ ಬಂತು, ಶುಗರ್ ಮತ್ತ ಕಾಲ ಧಮನಿ ಎರಡೂ ತ್ರಾಸ ಇದ್ದ 792 ಮಂದಿ. ಒಂದು ವರ್ಷ ತಗೊಂಡ ಮ್ಯಾಲ ನಡಿಯೋ ದೂರ ಔಷಧ ಇಲ್ಲದ ಹುಸಿ ಸೂಜಿ ತಗೊಂಡವ್ರಿಗಿಂತ ಸುಮಾರು 13 ಪರ್ಸೆಂಟ್ ಜಾಸ್ತಿ. ಆದ್ರ ಅವರೆಲ್ಲಾ ನಡದಾಗಷ್ಟ ನೋವಿದ್ದವ್ರು. ಗಾಯ ಆಗಿ ಬಟ್ಟು ಕಪ್ಪಾದವ್ರ ಮ್ಯಾಲ ಅದನ್ನ ನೋಡಿಲ್ಲ. ಕೃಷ್ಣಾದಂಡಿ ಅವರ ಅಪ್ಪಾರಿಗೆ ಇವತ್ತಿನ ಉತ್ತರ ಅದಲ್ಲ.

ಕೃಷ್ಣಾದಂಡಿ (ಜಮಖಂಡಿ):
ಎಲ್ಲಾರಿಗೂ ಉಪಕಾರ. ಸಿಸ್ಟರ್ ಅಕ್ಕಾರ ಹೇಳಿದಂಗ ಬ್ಯಾರೆ ಕಡೆ ಟೆಸ್ಟ್ ಮಾಡಿಸಿದ್ವಿ. ಎಬಿಐ 1.5 ಬಂತು, ಟೋ ಪ್ರೆಶರ್ 28. ಸಿಟಿ ಆಂಜಿಯೋ ಮಾಡಬೇಕು ಅಂದ್ರು, ಆದ್ರ ಕಿಡ್ನಿ ಟೆಸ್ಟಿನ್ಯಾಗ ಕ್ರಿಯಾಟಿನಿನ್ ಜಾಸ್ತಿ ಐತಿ, ಬಣ್ಣದ ಔಷಧ ಕಿಡ್ನಿಗೆ ತ್ರಾಸ ಕೊಡಬಹುದು ಅಂತ ವಿಚಾರ ಮಾಡಾಕತ್ತಾರ. ಅಪ್ಪಾರು ಬೀಡಿ ಬಿಟ್ಟಾರ. ಮುಂದೇನು?

ಬೆಳಗಾವಿ_ಸಿಸ್ಟರ್:
ನೋಡಿದ್ರೇನು, ಹಿಮ್ಮಡದ ನಂಬರ್ ಒಂದನ್ನ ನಂಬಿದ್ರ ಕಾಲಿಗೆ ಏನೂ ಆಗಿಲ್ಲ ಅನ್ನೋಹಂಗ ಇತ್ತು. 30ಕ್ಕಿಂತ ಕೆಳಗಿನ ಟೋ ಪ್ರೆಶರ್‌ಗೆ ಗಾಯ ತಾನಾಗೇ ಆರೋದು ಭಾಳ ಕಷ್ಟ. ಈ ವಾರಾನ ವ್ಯಾಸ್ಕುಲರ್ (ರಕ್ತನಾಳದ) ಸರ್ಜನ್ ಮುಂದ ಕುಂದರ್ರಿ, ಮುಂದಿನ ವಾರ ಅನಬ್ಯಾಡ್ರಿ.

ಸರ್ಜರಿ_ಓದಾಂವ (ವಿಜಯಪುರ):
ಕಿಡ್ನಿ ವಿಷಯಕ್ಕ ಹೆದರಿ ಆಂಜಿಯೋ ಬಿಡಬ್ಯಾಡ್ರಿ, ಅದಕ್ಕೂ ದಾರಿ ಅದಾವ. ಔಷಧ ಕಮ್ಮಿ ಬಳಸ್ತಾರ, ಮೊದಲ ಸಲಾಯಿನ್ ಕೊಡ್ತಾರ, ಕೆಲವು ಕಡೆ ಬಣ್ಣದ ಬದಲಿ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ನೋಡ್ತಾರ. ಕೇಳಿ ನೋಡ್ರಿ.

ಈಗ ಹೊಸಾ ಸಾಮಾನಿನ ಬಗ್ಗೆ. 1964ರಾಗ ಚಾರ್ಲ್ಸ್ ಡಾಟರ್ ಅನ್ನೋ ಅಮೆರಿಕದ ಡಾಕ್ಟ್ರು ಜಗತ್ತಿನ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದ್ದು ಹೃದಯಕ್ಕಲ್ಲ, ಕಾಲಿಗೆ. 82 ವರ್ಷದ ಅಜ್ಜಿ, ಕಾಲ ತಗಿಬೇಕು ಅಂದಿದ್ರು, ಆಕಿ ಒಲ್ಲೆ ಅಂದಿದ್ಲು, ಕಾಲ ಉಳೀತು. ಕಾಲ ತಗಿಯೋ ಮೊದಲ ರಕ್ತ ಹಾಯಿಸಾಕ ಆಗ್ತದೇನು ಅಂತ ನೋಡಬೇಕು ಅನ್ನೋದು ಅವತ್ತಿಂದ ಬಂದ ಮಾತು.

ಕ್ಯಾಲ್ಸಿಯಂ ಒಡಿಯೋ ಶಾಕ್ ಅಂತ ನಿಮ್ಮ ತಮ್ಮ ಕಳಿಸಿದ್ದು ಕರೆಂಟ್ ಶಾಕ್ ಅಲ್ಲ. ಬಲೂನಿನ ಒಳಗಿಂದ ಧ್ವನಿ ತರಂಗ ಹೊರಡ್ತಾವ, ಧಮನಿ ಗ್ವಾಡ್ಯಾಗಿನ ಸುಣ್ಣ ಬಿರುಕು ಬಿಡ್ತದ, ಆಮ್ಯಾಲ ಕಮ್ಮಿ ಒತ್ತಡದಾಗ ಬಲೂನು ಹಿಗ್ಗತದ. ಶುಗರ್ ಹಳೇದಿದ್ದವರಿಗೆ ಉಪಯೋಗ ಬರ್ತದ. ಔಷಧ ಹಚ್ಚಿದ ಬಲೂನಿಗೆ ಪ್ಯಾಕ್ಲಿಟ್ಯಾಕ್ಸೆಲ್ ಇರ್ತದ. 2018ರ ಕಡೀಕ ಅದರಿಂದ ಸಾವು ಜಾಸ್ತಿ ಅಂತ ಒಂದು ಲೇಖನ ಬಂದು ದೊಡ್ಡ ಗದ್ದಲ ಆಗಿತ್ತು, ಪೂರಾ ಲೆಕ್ಕ ನೋಡಿ 2023ರಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಂಗೇನಿಲ್ಲ ಅಂತ ಹೇಳ್ತು. ನಮ್ಮ ಸೂರತ್‌ನ ಕಾನ್ಸೆಪ್ಟ್ ಮೆಡಿಕಲ್ ಸಿರೋಲಿಮಸ್ ಹಚ್ಚಿದ ಬಲೂನು ಮಾಡ್ತದ, ಅದೂ ಬಳಕಿಯಾಗ ಅದ.

ಕರಗೋ ಸ್ಟೆಂಟ್ ಅಂದ್ರ ಅಬಾಟ್ ಕಂಪನಿಯ ಎಸ್ಪ್ರಿಟ್, ಮೊಣಕಾಲ ಕೆಳಗಿನ ಧಮನಿಗೆ. 261 ಮಂದಿಯ ಟ್ರಯಲ್‌ನ್ಯಾಗ ಒಂದು ವರ್ಷದ ಮ್ಯಾಲ ನೋಡಿದ್ರ ಬರೇ ಬಲೂನಿಗೆ 44 ಪರ್ಸೆಂಟ್, ಇದಕ್ಕ 74 ಪರ್ಸೆಂಟ್ ಯಶಸ್ಸು. ಕಾಲ ಉಳಿಯೋದು, ಧಮನಿ ತೆರದಿರೋದು ಎಲ್ಲಾ ಕೂಡಿಸಿ ಹಾಕಿದ ಲೆಕ್ಕ ಅದು. 2024ರ ಏಪ್ರಿಲ್‌ನ್ಯಾಗ ಅಮೆರಿಕದಾಗ ಅನುಮತಿ ಸಿಕ್ತು. ಕೊನೀದು ಲಿಮ್‌ಫ್ಲೋ, ಪಾದಕ್ಕ ಒಂದೂ ಧಮನಿ ಉಳೀಲಿಲ್ಲ ಅನ್ನೋರಿಗೆ. ಧಮನಿ ರಕ್ತಾನ ಸಿರಾದೊಳಗ (ರಕ್ತ ವಾಪಸ್ ಮ್ಯಾಲ ಒಯ್ಯೋ ನಾಳ) ತಿರಗಿಸಿ ಪಾದಕ್ಕ ಕಳಸ್ತಾರ. 105 ಮಂದಿಯ ಮ್ಯಾಲ ಮಾಡಿದ ಟ್ರಯಲ್, ಆರು ತಿಂಗಳಿಗೆ 76 ಪರ್ಸೆಂಟ್ ಮಂದಿ ಕಾಲ ಉಳೀತು, ಅವರೆಲ್ಲಾ ಬ್ಯಾರೆ ದಾರಿ ಇಲ್ಲ ಅಂತ ಕೈಬಿಟ್ಟವ್ರು. 2023ರಾಗ ಅಮೆರಿಕದಾಗ ಅನುಮತಿ ಆತು. ಇವೆಲ್ಲಾ ಯಾರಿಗೆ ಬೇಕು ಅಂತ ಆಂಜಿಯೋ ನೋಡದ ಹೇಳಾಕ ಬರೂದಿಲ್ಲ. ಭಾಳ ಮಂದಿಗೆ ಸಾದಾ ಬಲೂನು ಇಲ್ಲಾ ತಮ್ಮದ ಕಾಲಿನ ಸಿರಾ ತಗದು ಮಾಡೋ ಬೈಪಾಸ್ ಸಾಕಾಗ್ತದ.

ಹಿಡಕಲ್_ರೈತ:
ಇದು ನನಗ ತಿಳೀತು. ಡ್ರಿಪ್ ಪೈಪಿನ್ಯಾಗ ಸುಣ್ಣ ಕಟ್ಟಿದ್ರ ನಾವು ಆಸಿಡ್ ಬಿಡ್ತೀವಿ, ಇಲ್ಲಾ ಆ ಭಾಗ ಕೊಯ್ದು ಬಾಜೂಕ ಹೊಸಾ ಲೈನ್ ಕೂಡಸ್ತೀವಿ. ಯಾವ ಜಾಗದಾಗ ಕಟ್ಟೇತಿ ಅಂತ ಮೊದಲ ಹುಡಕಬೇಕು. ಆದ್ರ ಒಂದು ಕೇಳ್ತೀನಿ ಡಾಕ್ಟ್ರ, ಇಷ್ಟೆಲ್ಲಾ ಹೊಸಾ ಸಾಮಾನು ದೊಡ್ಡ ದವಾಖಾನಿಯವ್ರು ರೊಕ್ಕ ಎತ್ತಾಕ ಹೇಳೂದಿಲ್ಲ ಅಂತ ಹೆಂಗ ನಂಬೋದು? ಬೈಪಾಸ್ ಛಲೋ ಇದ್ರ ಎಲ್ಲಾರೂ ಬಲೂನು ಯಾಕ ಅಂತಾರ?

ಸರ್ಜರಿ_ಓದಾಂವ (ವಿಜಯಪುರ):
ಕಾಕಾರ, ಈ ಜಗಳ ಡಾಕ್ಟ್ರುಗಳ ನಡುವನೂ ಮುಗಿದಿಲ್ಲ. 2022ರಾಗ ಬೆಸ್ಟ್-ಸಿಎಲ್‌ಐ ಅಂತ 1,830 ಮಂದಿಯ ದೊಡ್ಡ ಟ್ರಯಲ್ ಬಂತು, ಕಾಲಿನ್ಯಾಗ ಛಲೋ ಸಿರಾ ಸಿಗೋ ಪೇಶಂಟಿಗೆ ಮೊದಲ ಬೈಪಾಸ್ ಮಾಡಿದ್ರ ಉತ್ತಮ ಅಂತ ಹೇಳ್ತು. ಮುಂದಿನ ವರ್ಷನ ಇಂಗ್ಲೆಂಡ್ ಕಡೆಯಿಂದ ಬೇಸಿಲ್-2 ಬಂತು, 345 ಮಂದಿ, ಮೊಣಕಾಲ ಕೆಳಗಿನ ಅಡ್ಡಿಗೆ ಮೊದಲ ಬಲೂನು ಉತ್ತಮ ಅಂತ ಉಲ್ಟಾ ಹೇಳ್ತು. ಹಿಂಗಾಗಿ ಎರಡೂ ಮಾಡೋ ಕೈ ಇದ್ದ ಜಾಗಕ್ಕ ಹೋಗ್ರಿ. ಬರೇ ಬಲೂನು ಬರೋರ ಕಡೆ ಹೋದ್ರ ಬಲೂನು ಹೇಳ್ತಾರ, ಬರೇ ಕೊಯ್ಯೋರ ಕಡೆ ಹೋದ್ರ ಕೊಯ್ಯೋದು ಹೇಳ್ತಾರ. ನಿಮ್ಮ ಅನುಮಾನ ತಪ್ಪಲ್ಲ. ಸಿರಾ ಚೆಕ್ ಮಾಡಿದ್ರೇನು, ಬೈಪಾಸ್ ಯಾಕ ಬ್ಯಾಡ ಅಂತ ಬಾಯಿಬಿಟ್ಟು ಕೇಳ್ರಿ.

ಗುಮ್ಮಟನಗರಿ:
ನಡದಾಗಷ್ಟ ನೋವು ಇರೋ ಮಂದಿಗೆ ನನ್ನ ಮಾತು, ಗಾಯ ಇದ್ದವ್ರಿಗಲ್ಲ. ನಾ ರಿಟೈರ್ಡ್ ಪಿಟಿ ಮಾಸ್ತರ. ಎಬಿಐ 0.6 ಇತ್ತು. ಡಾಕ್ಟ್ರು ಆಪರೇಶನ್ ಈಗ ಬ್ಯಾಡ, ನಡೀರಿ ಅಂದ್ರು. ಮುಂಜಾನಿ ಗೋಲಗುಮ್ಮಟದ ಆವರಣದಾಗ ಹೋಗ್ತೀನಿ. ಮೊದಮೊದಲ ಗೇಟಿನಿಂದ ಮ್ಯೂಸಿಯಮ್ಮಿನ ಹತ್ರ ಬರೋದ್ರಾಗ ಮೀನಖಂಡ ಕಲ್ಲಾಗತಿತ್ತು. ನೋವು ಶುರು ಆದ ಕೂಡಲೇ ನಿಂದ್ರೂದಿಲ್ಲ, ತಡಕೊಂಡು ಇನ್ನೂ ಒಂದೀಟು ನಡದು, ಜೋರ ಆದಾಗ ನಿಂದರೋದು, ಪೂರಾ ಹೋದ ಮ್ಯಾಲ ಮತ್ತ ನಡಿಯೋದು. ಹಿಂಗ ಮೂವತ್ತರಿಂದ ನಲವತ್ತೈದು ನಿಮಿಷ, ವಾರಕ್ಕ ಮೂರು ಸಲ ಕಮ್ಮಿ ಅಂದ್ರೂ, ಮೂರು ತಿಂಗಳು ಬಿಡದ. ಈಗ ಗುಮ್ಮಟ ಪೂರಾ ಸುತ್ತು ಹಾಕಿ ಬರ್ತೀನಿ, ನಿಂದ್ರೂದಿಲ್ಲ. ಇದನ್ನ ಪಾರ್ಕಿನ್ಯಾಗ ಸುಮ್ನ ಅಡ್ಯಾಡೋದು ಅಂತ ತಿಳಕೋಬ್ಯಾಡ್ರಿ, ಇದ ಔಷಧ.

ತಾಳಿಕೋಟಿ_ಮಾಸ್ತರ:
ನಡಿಯೋದು ಅಂದ ಕೂಡಲೇ ನೆನಪಾತು. ಯುಗಾದಿ ಮುಂದ ನಮ್ಮ ಕಡೆಯಿಂದ ಶ್ರೀಶೈಲಕ್ಕ ಪಾದಯಾತ್ರೆ ಹೋಗೋರು ದಯವಿಟ್ಟು ಕೇಳ್ರಿ. ಶುಗರ್ ಇದ್ದವ್ರು ಹರಕಿ ಹೊತ್ತು ಬರಿಗಾಲಿಲೆ ಹೊಂಟುಬಿಡ್ತಾರ. ಬಿಸಿಲಿಗೆ ಡಾಂಬರ್ ಕಾದಿರ್ತದ, ಇವರಿಗೆ ಅದು ಗೊತ್ತಾಗೂದಿಲ್ಲ. ನಮ್ಮ ಓಣಿಯ ಒಬ್ಬ ಹಿರಿಯರು ವಾಪಸ್ ಬಂದಾಗ ಅಂಗಾಲಿನ ಚರ್ಮ ಸುಲದು ಬಂದಿತ್ತು, ಅವರು ಮಲ್ಲಯ್ಯನ ಪ್ರಸಾದ ಅಂದ್ರು. ಮುಂದ ಅರ್ಧ ಪಾದ ಹೋತು. ಮಲ್ಲಯ್ಯ ಬೂಟು ಹಾಕ್ಕೊಂಡು ಬಂದ್ರ ಬ್ಯಾಡ ಅನ್ನೂದಿಲ್ಲ. ಸಾಕ್ಸ್ ಹಾಕ್ರಿ, ಅಗಲ ಬೂಟು ಹಾಕ್ರಿ, ದಿನಾ ರಾತ್ರಿ ವಸ್ತಿ ಇದ್ದಲ್ಲೆ ಅಂಗಾಲ ನೋಡಿಸಿಕೊಳ್ರಿ.

ಮಲಪ್ರಭಾ:
ಹರಕಿ ಹರಕಿನ ಮಾಸ್ತರ್, ಬೂಟು ಹಾಕ್ಕೊಂಡು ಹೋದ್ರ ಅದೇನು ಪಾದಯಾತ್ರೆ?

ತಾಳಿಕೋಟಿ_ಮಾಸ್ತರ:
ತಂಗೀ, ಹರಕಿ ತೀರಿಸಿ ಮನಿಗೆ ಎರಡು ಕಾಲಿಲೆ ಬರಬೇಕು ಅಂತ ನನ್ನ ಆಸೆ. ನಂಬಿಕಿ ನನಗೂ ಅದ, ನಾನೂ ಹೋಗ್ತೀನಿ.

ಮುದ್ದೇಬಿಹಾಳ_ಅಕ್ಕ:
ಇಷ್ಟೊತ್ತು ಓದಿದೆ, ಒಂದು ಮಾತು ಯಾರೂ ಹೇಳಿಲ್ಲ. ನಮ್ಮ ಅವ್ವಗ ಎದಿ ಬಡಿತ ಹೆಚ್ಚುಕಮ್ಮಿ ಆಗೋದಿತ್ತು. ಒಂದಿನ ಮುಂಜಾನಿ ರೊಟ್ಟಿ ಬಡಿಯೋವಾಗ ಬಲಗಾಲ ಒಮ್ಮೆಗೇ ಜೋಮು ಹಿಡದು ಬೆಳ್ಳಗ ಆತು, ಮುಟ್ಟಿದ್ರ ಥಂಡ. ಪಾರ್ಶ್ವವಾಯು ಅಂತ ತಿಳದು ಮಂದಿ ಕಷಾಯ, ಎಣ್ಣಿ ಅಂತ ಸಂಜಿತನಕ ಇಟ್ಕೊಂಡ್ರು. ರಾತ್ರಿ ದೊಡ್ಡ ದವಾಖಾನಿಗೆ ಮುಟ್ಟಿದಾಗ ಬಟ್ಟು ಅಲುಗಾಡತಿರಲಿಲ್ಲ. ಹೃದಯದಿಂದ ರಕ್ತದ ಗಡ್ಡಿ ಇಳದು ಕಾಲಿನ್ಯಾಗ ಸಿಕ್ಕೊಂಡಿತ್ತಂತ. ಕಾಲ ಹೋತು, ಮೂರನೇ ದಿನ ಅವ್ವಾನೂ ಹೋದ್ಲು.

ಬೆಳಗಾವಿ_ಸಿಸ್ಟರ್:
ಅಕ್ಕಾ, ಓದಿ ಹೊಟ್ಟಿ ಕಲಸಿತು. ಎಲ್ಲಾರೂ ನೆನಪಿಡ್ರಿ, ಕಾಲ ಒಮ್ಮೆಗೇ ನೋವು, ಬಿಳಿಚಿಕೊಂಡು ತಣ್ಣಗಾಗೋದು, ಜೋಮು, ಬಟ್ಟು ಎತ್ತಾಕ ಬರದಿದ್ದು, ಇದು ಹಾರ್ಟ್ ಅಟ್ಯಾಕಿನಷ್ಟ ಎಮರ್ಜೆನ್ಸಿ. ಆರು ತಾಸಿನೊಳಗ ರಕ್ತ ಬಿಟ್ರ ಕಾಲ ಉಳಿಯೋ ಆಸೆ ಭಾಳ ಇರತೈತಿ. ಸಣ್ಣ ದವಾಖಾನ್ಯಾಗ ರಕ್ತ ಹೆಪ್ಪುಗಟ್ಟದಂಗ ತಡಿಯೋ ಹೆಪಾರಿನ್ ಶುರು ಮಾಡಿ ಕಳಸಾಕ ಬರತೈತಿ, ಆಮ್ಯಾಲ ತುದಿಗೆ ಬಲೂನು ಇದ್ದ ಫೋಗಾರ್ಟಿ ನಳಿಗಿ ಹಾಕಿ ಗಡ್ಡಿ ಎಳದು ತಗೀತಾರ. ಅದು 1963ರಿಂದ ಇರೋ ಪದ್ಧತಿ, ಹೊಸಾದೇನಲ್ಲ, ಟೈಮಿಗೆ ಮುಟ್ಟಬೇಕಷ್ಟ. 108ಕ್ಕ ಫೋನ್ ಹಚ್ಚಿದಾಗ ಕಾಲ ತಣ್ಣಗಾಗೇತಿ ಅಂತ ಮೊದಲ ಮಾತಿನ್ಯಾಗ ಹೇಳ್ರಿ.

ಇಳಕಲ್_ಸೀರಿ:
ರೊಕ್ಕದ ವಿಷಯ ಯಾರೂ ಮಾತಾಡವಲ್ರಿ. ಆಂಜಿಯೋಪ್ಲಾಸ್ಟಿ ಅಂದ್ರ ನಮ್ಮಂಥಾ ಮಗ್ಗದ ಮಂದಿ ಎಲ್ಲಿಂದ ತರಬೇಕು?

ಬೆಳಗಾವಿ_ಸಿಸ್ಟರ್:
ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಾಗ ಒಂದು ಕುಟುಂಬಕ್ಕ ವರ್ಷಕ್ಕ 5 ಲಕ್ಷತನಕ ಐತಿ. ಎಪಿಎಲ್ ಇದ್ರ ಪ್ಯಾಕೇಜಿನ 30 ಪರ್ಸೆಂಟ್, ವರ್ಷಕ್ಕ 1.5 ಲಕ್ಷ ಮಿತಿ. ಎಮರ್ಜೆನ್ಸಿ ಬಿಟ್ರ ಮೊದಲ ಸರ್ಕಾರಿ ದವಾಖಾನಿಗೆ ತೋರಿಸಿ ರೆಫರಲ್ ಚೀಟಿ ತಗೋಬೇಕು. ನೇರ ಪ್ರೈವೇಟ್‌ಗೆ ಅಡ್ಮಿಟ್ ಆಗಿ ಆಮ್ಯಾಲ ಕಾರ್ಡ್ ತೋರಿಸಿದ್ರ ಒದ್ದಾಡ್ತೀರಿ. ಬೆಳಗಾವ್ಯಾಗ ಬಿಮ್ಸ್, ಹುಬ್ಬಳ್ಳಿ ಕಿಮ್ಸ್, ಈ ಸರ್ಕಾರಿ ದವಾಖಾನ್ಯಾಗ ಮೊದಲ ವಿಚಾರಿಸ್ರಿ. ಹೊಸಾ ನಮೂನಿ ಬಲೂನು ಪ್ಯಾಕೇಜಿನ್ಯಾಗ ಕೂಡತೈತೋ ಇಲ್ಲೋ ಅಂತ ಆರೋಗ್ಯ ಮಿತ್ರ ಕೌಂಟರಿನ್ಯಾಗ ಅಡ್ಮಿಟ್ ಆಗೋ ಮೊದಲ ಕೇಳಿ ಬರಕೊಳ್ರಿ.

ಕೃಷ್ಣಾದಂಡಿ (ಜಮಖಂಡಿ):
ರೆಫರಲ್ ತಗೊಂಡ್ವಿ ಅಕ್ಕಾರ. ತೊಡಿಯಾಗ ಒಂದು ಕಡೆ ಅಡ್ಡಿ, ಮೊಣಕಾಲ ಕೆಳಗ ಮೂರು ನಾಳದಾಗ ಒಂದ ಉಳದೈತಿ ಅಂತ. ಮೊದಲ ತೊಡಿದು ಬಲೂನಿನಿಂದ ತಗೀತಾರಂತ, ಬಟ್ಟು ಉಳಿಯೂದಿಲ್ಲ, ಪಾದ ಉಳಿಸಾಕ ನೋಡ್ತೀವಿ ಅಂದ್ರು. ಅಪ್ಪಾರು ಹೂಂ ಅಂದಾರ.

ನಿಪ್ಪಾಣಿ_ಹುಡುಗ:
ಬಟ್ಟು ಹೋದ್ರ ಹೋಗಲಿ ಅಣ್ಣಾ, ಪಾದ ಇದ್ರ ನಡೀತಾರ. ಆಪರೇಶನ್ ಆದ ಮ್ಯಾಲ ಯಾರರ ಬೀಡಿ ಕೊಡಾಕ ಬಂದ್ರ ಒಳಗ ಬಿಡಬ್ಯಾಡ್ರಿ.

ಹೊಸ_ಸದಸ್ಯ (ಗೋಕಾಕ):
ನಡುವ ಬಂದು ಕೇಳ್ತೀನಿ, ಬೇಸರ ಮಾಡಬ್ಯಾಡ್ರಿ. ನಮ್ಮ ಅವ್ವಗೂ ನಡದ್ರ ಎರಡೂ ಕಾಲ ಹಿಡಿತಾವ. ಆದ್ರ ನಿಂತ್ರ ಹೋಗೂದಿಲ್ಲ, ಕುಂತು ಮುಂದ ಬಗ್ಗಿದ್ರಷ್ಟ ಹೋಗ್ತಾವ. ಸಂತ್ಯಾಗ ಗಾಡಾ ತಳ್ಳಕೊಂಡು ಬಗ್ಗಿ ನಡದ್ರ ನೋವ ಇಲ್ಲ. ಇದೂ ರಕ್ತದ ತ್ರಾಸನ?

ಸರ್ಜರಿ_ಓದಾಂವ (ವಿಜಯಪುರ):
ನೀವು ಹೇಳೋದು ಕೇಳಿದ್ರ ಬೆನ್ನಿನ ಕಡೆಯಿಂದ ನರ ಒತ್ತಿದಂಗ ಕಾಣ್ತದ. ರಕ್ತದ್ದಾದ್ರ ನಿಂತ ಎರಡು ಮೂರು ನಿಮಿಷಕ್ಕ ಬಿಡ್ತದ, ಬಗ್ಗಬೇಕಂತಿಲ್ಲ. ಆದ್ರೂ ಎರಡೂ ಪಾದದ ನಾಡಿ ಮುಟ್ಟಿಸಿ ನೋಡಿಸ್ರಿ, ಸಿಕ್ರ ಆಮ್ಯಾಲ ಬೆನ್ನಿನ ಎಂಆರ್‌ಐ. ಶುಗರ್ ಅದ ಏನು ಅವರಿಗೆ?

ಹೊಸ_ಸದಸ್ಯ (ಗೋಕಾಕ):
ಇಲ್ರಿ, ಬಿಪಿ ಅಷ್ಟ. ನಾಳಿ ಕರಕೊಂಡು ಹೋಗ್ತೀನಿ.